ಕೇಸು ಕೊಡುವ ಹೊತ್ತು: ಸರ್ಜರಿ ಕಲಿಯುವವರ ಸಿದ್ಧತೆಯನ್ನು ಅಳೆಯುವುದು ಹೇಗೆ?



ಈ ದತ್ತಿ ಉಪನ್ಯಾಸಕ್ಕೆ ಎರಡು ಷರತ್ತುಗಳಿವೆ ಎಂದು ಕರೆಯಲು ಬಂದವರು ಹೇಳಿದರು. ಮಾತು ಕನ್ನಡದಲ್ಲಿರಬೇಕು, ಡಾಕ್ಟರಲ್ಲದವರಿಗೂ ತಿಳಿಯಬೇಕು. ನಮ್ಮಂಥವರಿಗೆ ಎರಡನೆಯದೇ ಹೆಚ್ಚು ಕಷ್ಟ. ಹಾಗಾಗಿ ಆಪರೇಷನ್ ಟೇಬಲ್ಲಿನ ಮೇಲೆ ಮಲಗಬೇಕಾದ ಯಾರಿಗೂ ಸಂಬಂಧಪಡುವ ಪ್ರಶ್ನೆಯೊಂದನ್ನು ಆರಿಸಿಕೊಂಡಿದ್ದೇನೆ. ಸರ್ಜರಿ ಕಲಿಯುತ್ತಿರುವ ಒಬ್ಬರು ಇನ್ನು ಮುಂದೆ ಈ ಆಪರೇಷನ್ನನ್ನು ತಾವೇ ಮಾಡಬಹುದು ಎಂದು ಯಾರು ಹೇಳಬೇಕು? ಏನನ್ನು ನೋಡಿ ಹೇಳಬೇಕು?

ಈಗ ನಾವು ಏನನ್ನು ನೋಡುತ್ತಿದ್ದೇವೆ ಎಂಬುದನ್ನು ಮೊದಲು ಹೇಳುತ್ತೇನೆ. ಎಂ.ಎಸ್. ಜನರಲ್ ಸರ್ಜರಿ ಮೂರು ವರ್ಷದ ವ್ಯಾಸಂಗ. ಕೊನೆಗೆ ತಲಾ ನೂರು ಅಂಕಗಳ ನಾಲ್ಕು ಪ್ರಶ್ನೆಪತ್ರಿಕೆ. ಆಮೇಲೆ ಪ್ರಾಯೋಗಿಕ ಪರೀಕ್ಷೆ. ನಾಲ್ವರು ಪರೀಕ್ಷಕರು, ಅವರಲ್ಲಿ ಇಬ್ಬರು ಹೊರಗಿನ ಕಾಲೇಜಿನವರು. ಒಂದು ಲಾಂಗ್ ಕೇಸ್, ಕೆಲವು ಶಾರ್ಟ್ ಕೇಸ್. ಅಭ್ಯರ್ಥಿ ರೋಗಿಯನ್ನು ಮಾತನಾಡಿಸಿ, ಪರೀಕ್ಷಿಸಿ, ರೋಗ ಏನೆಂದು ಹೇಳಬೇಕು. ನಂತರ ವೈವಾ, ಅಂದರೆ ಬಾಯಿಮಾತಿನ ಪರೀಕ್ಷೆಯ ಮೇಜುಗಳು: ಒಂದರ ಮೇಲೆ ಉಪಕರಣ, ಇನ್ನೊಂದರ ಮೇಲೆ ಎಕ್ಸ್‌ರೇ ಮತ್ತು ಸ್ಕ್ಯಾನ್, ಮತ್ತೊಂದರ ಮೇಲೆ ಬಾಟಲಿಯಲ್ಲಿಟ್ಟ ಸ್ಪೆಸಿಮನ್. ಆಪರೇಟಿವ್ ಸರ್ಜರಿಯ ಪ್ರಶ್ನೆ ಬಂದಾಗ ಪರೀಕ್ಷಕರು "ಥೈರಾಯ್ಡ್ ಹೇಗೆ ತೆಗೀತೀಯಮ್ಮ, ಹೇಳು" ಎನ್ನುತ್ತಾರೆ. ಆಕೆ ಹೇಳುತ್ತಾಳೆ. ಗಾಯ ಎಲ್ಲಿ, ಯಾವ ಪದರ, ಯಾವ ನರವನ್ನು ಎಲ್ಲಿ ಹುಡುಕಬೇಕು, ಎಲ್ಲವನ್ನೂ ಬಾಯಲ್ಲಿ. ಪರೀಕ್ಷೆ ಮುಗಿಯಿತು. ಇಡೀ ಪರೀಕ್ಷೆಯಲ್ಲಿ ಆಕೆಯ ಕೈ ಒಂದು ಹೊಲಿಗೆ ಹಾಕುವುದನ್ನೂ ಯಾರೂ ನೋಡಿಲ್ಲ. ದಡದ ಮೇಲೆ ನಿಂತವರಿಂದ ಈಜಿನ ವಿವರಣೆ ಕೇಳಿ ಕೆರೆಗಿಳಿಯಲು ಅಪ್ಪಣೆ ಕೊಟ್ಟಂತೆ ಇದು.

ಹಾಗೆಂದು ಪರೀಕ್ಷಕರನ್ನು ದೂರಿ ಪ್ರಯೋಜನವಿಲ್ಲ, ನಾನೂ ಆ ಕುರ್ಚಿಯಲ್ಲಿ ಕುಳಿತವನೇ. ನಾಲ್ವರು ಪರೀಕ್ಷಕರ ಎದುರು ನಡುಗುತ್ತಿರುವ ಅಭ್ಯರ್ಥಿಯ ಕೈಗೆ ಜೀವಂತ ಮನುಷ್ಯನ ಹೊಟ್ಟೆಯನ್ನು ಒಪ್ಪಿಸಿ ಅಂಕ ಹಾಕುವುದು ಯಾವ ನ್ಯಾಯ? ಹಿಂದೆ ಕೆಲವೆಡೆ ಶವದ ಮೇಲೆ ಮಾಡಿಸಿ ನೋಡುತ್ತಿದ್ದರು. ಶವದಲ್ಲಿ ರಕ್ತ ಹರಿಯುವುದಿಲ್ಲ, ಸರ್ಜನ್ನಿನ ಅರ್ಧ ಕೆಲಸವೇ ರಕ್ತವನ್ನು ಹಿಡಿದಿಡುವುದು. ಅದೂ ಅಲ್ಲದೆ ಒಂದು ದಿನ ಒಂದು ಕೇಸು ನೋಡಿ ಒಬ್ಬರ ಕೈಯನ್ನು ತೂಗಲು ಆಗುವುದಿಲ್ಲ. ಅಂದು ಸಿಕ್ಕ ಹರ್ನಿಯಾ ಸುಲಭದ್ದಾಗಿದ್ದರೆ ಪಾಸು, ಹಠಮಾರಿಯಾಗಿದ್ದರೆ ಫೇಲು. ನನ್ನ ವಾದ ಇಷ್ಟು: ಈ ಅಳತೆ ನಡೆಯಬೇಕಾದ ಜಾಗ ಪರೀಕ್ಷೆಯ ಕೊಠಡಿಯಲ್ಲ, ಅದಕ್ಕೆ ಮುಂಚಿನ ಮೂರು ವರ್ಷಗಳ ಆಪರೇಷನ್ ಥಿಯೇಟರ್, ಅಂದರೆ ಓ.ಟಿ. ಅಲ್ಲಿ ಅಳತೆ ಪ್ರತಿದಿನ ನಡೆದೇ ಇರುತ್ತದೆ, ಪ್ರತಿ ಯೂನಿಟ್ ಚೀಫ್‌ನ ತಲೆಯೊಳಗೆ. ಅದನ್ನು ಯಾರೂ ಬರೆದಿಡುವುದಿಲ್ಲ, ಅಷ್ಟೇ.

ಯಾರೂ ಬರೆದಿಡದೆ ಒಬ್ಬರ ಕಣ್ಣಂದಾಜಿನ ಮೇಲೆಯೇ ಎಲ್ಲವೂ ನಡೆದ ದೊಡ್ಡ ಪರಂಪರೆಯೊಂದು ನಮಗಿದೆ. ಅಮೆರಿಕದ ಬಾಲ್ಟಿಮೋರಿನಲ್ಲಿ 1889ರಲ್ಲಿ ಜಾನ್ಸ್ ಹಾಪ್ಕಿನ್ಸ್ ಆಸ್ಪತ್ರೆ ಬಾಗಿಲು ತೆರೆದಾಗ ವಿಲಿಯಂ ಹಾಲ್‌ಸ್ಟೆಡ್ ಅಲ್ಲಿ ಜರ್ಮನಿಯ ಮಾದರಿಯನ್ನು ಹಿಡಿದು ಆಸ್ಪತ್ರೆಯಲ್ಲೇ ನೆಲೆಸಿ ಕಲಿಯುವ ರೆಸಿಡೆನ್ಸಿ ಪದ್ಧತಿ ಕಟ್ಟಿದರು. ಪಿರಮಿಡ್ಡಿನಂತೆ ಬುಡದಲ್ಲಿ ಹಲವರು, ತುದಿಯಲ್ಲಿ ಒಬ್ಬ. ಎಷ್ಟು ವರ್ಷ ಎಂಬ ಲೆಕ್ಕವಿಲ್ಲ. ಹಾಲ್‌ಸ್ಟೆಡ್ ಸಾಕು ಎಂದಾಗ ಸಾಕು. 1922ರಲ್ಲಿ ತೀರಿಕೊಳ್ಳುವವರೆಗೆ ಅವರ ಕೈಕೆಳಗೆ ಚೀಫ್ ರೆಸಿಡೆಂಟ್ ಆಗಿ ಹೊರಬಂದವರು 17 ಮಂದಿ. ಅವರಲ್ಲಿ ಹಲವರು ಅಮೆರಿಕದ ಸರ್ಜರಿಯನ್ನೇ ಕಟ್ಟಿದರು ಎನ್ನುವುದು ನಿಜ. ನಡುವೆ ಉದುರಿಹೋದವರು ಯಾಕೆ ಉದುರಿದರು, ಕೈ ಸಾಲದೆಯೋ ಒಡೆಯರ ಮನಸ್ಸಿಗೆ ಬಾರದೆಯೋ ಎಂದು ಕೇಳುವ ವ್ಯವಸ್ಥೆ ಇರಲಿಲ್ಲ. ನಮ್ಮ ಯೂನಿಟ್ ಪದ್ಧತಿಯಲ್ಲಿ ಹಾಲ್‌ಸ್ಟೆಡ್ಡರ ನೆರಳು ಇನ್ನೂ ಇದೆ. "ಸರ್ ನನಗೆ ಕೇಸು ಕೊಡಲ್ಲ" ಎಂಬ ಪಿ.ಜಿ.ಗಳ, ಅಂದರೆ ಸ್ನಾತಕೋತ್ತರ ವಿದ್ಯಾರ್ಥಿಗಳ ಪಿಸುಮಾತು ಕೇಳಿದವರಿಗೆ ಅದು ಗೊತ್ತು.

ಕಣ್ಣಂದಾಜು ಬೇಡವೆಂದವರು ಮೊದಲು ಹಿಡಿದದ್ದು ಎಣಿಕೆಯ ದಾರಿ. ಇಷ್ಟು ಹರ್ನಿಯಾ, ಇಷ್ಟು ಅಪೆಂಡಿಕ್ಸ್, ಇಷ್ಟು ಪಿತ್ತಕೋಶ ಮಾಡಿದರೆ ಸಿದ್ಧ. ಎಣಿಕೆಗೆ ಅರ್ಥವಿದೆ ಎಂಬುದಕ್ಕೆ ಪಿತ್ತಕೋಶದ ಕಥೆಯೇ ಸಾಕ್ಷಿ. ಸಭೆಯಲ್ಲಿ ಪಿತ್ತಕೋಶದ ಕಲ್ಲಿಗೆ ಆಪರೇಷನ್ ಮಾಡಿಸಿಕೊಂಡವರು ಕೆಲವರಾದರೂ ಇರುತ್ತೀರಿ. ಹೊಟ್ಟೆಯನ್ನು ಕೊಯ್ಯದೆ ಸಣ್ಣ ರಂಧ್ರಗಳ ಮೂಲಕ ಅದನ್ನು ತೆಗೆಯುವ ಲ್ಯಾಪರೋಸ್ಕೋಪಿ ವಿಧಾನ 1985ರಲ್ಲಿ ಜರ್ಮನಿಯ ಎರಿಕ್ ಮ್ಯೂಹೆ ಅವರಿಂದ ಶುರುವಾಯಿತು. 1990ರಲ್ಲಿ ಮುಂಬಯಿಯ ಜೆ.ಜೆ. ಆಸ್ಪತ್ರೆಯಲ್ಲಿ ತೆಹೆಮ್ಟನ್ ಉದ್ವಾಡಿಯಾ ಭಾರತದಲ್ಲಿ ಮೊದಲ ಬಾರಿ ಮಾಡಿದರು. ಆ ವರ್ಷಗಳಲ್ಲಿ ಎಲ್ಲೆಡೆ ತಲೆ ನರೆತ ಸರ್ಜನ್ನರೂ ಮತ್ತೆ ವಿದ್ಯಾರ್ಥಿಗಳಾದರು. ಆಗ ಒಂದು ಅಪಾಯ ಹೆಚ್ಚಾಗಿ ಕಾಣಿಸಿಕೊಂಡಿತು. ಪಿತ್ತಕೋಶದ ನಾಳವೆಂದುಕೊಂಡು ಪಿತ್ತಜನಕಾಂಗದಿಂದ ಬರುವ ಮುಖ್ಯ ಪಿತ್ತನಾಳವನ್ನೇ ಕತ್ತರಿಸುವುದು. ಒಮ್ಮೆ ಹಾಗಾದರೆ ರೋಗಿಯ ಬದುಕಿನ ದಿಕ್ಕೇ ಬದಲಾಗುತ್ತದೆ, ವರ್ಷಗಟ್ಟಲೆ ಆಸ್ಪತ್ರೆಗೆ ಅಲೆಯಬೇಕಾಗುತ್ತದೆ. ಅಮೆರಿಕದ ಸದರ್ನ್ ಸರ್ಜನ್ಸ್ ಕ್ಲಬ್ಬಿನ 55 ಸರ್ಜನ್ನರು ಮಾಡಿದ 8,839 ಆಪರೇಷನ್‌ಗಳ ಲೆಕ್ಕ 1995ರಲ್ಲಿ ಪ್ರಕಟವಾಯಿತು. ನಾಳಕ್ಕೆ ಪೆಟ್ಟಾದ ಪ್ರಸಂಗಗಳಲ್ಲಿ 90%ರಷ್ಟು ಆಯಾ ಸರ್ಜನ್ನಿನ ಮೊದಲ 30 ಕೇಸುಗಳೊಳಗೇ ನಡೆದಿದ್ದವು. ಮೊದಲ ಕೇಸಿನಲ್ಲಿ ಪೆಟ್ಟಾಗುವ ಸಂಭವ 1.7%, ಐವತ್ತನೆಯದರಲ್ಲಿ 0.17% ಎಂದು ಅವರು ಅಂದಾಜು ಮಾಡಿದರು. ಹತ್ತು ಪಟ್ಟಿನ ಅಂತರ! ಮೊದಲ ಮೂವತ್ತು ರೋಗಿಗಳಲ್ಲಿ ಯಾರೊಬ್ಬರಿಗೂ ತಮ್ಮ ಸರದಿ ಎಷ್ಟನೆಯದು ಎಂದು ಗೊತ್ತಿದ್ದಿರಲಾರದು.

ಆದರೆ ಎಣಿಕೆ ಸರಾಸರಿಯ ಮಾತು. ಐವತ್ತು ಕೇಸು ಮಾಡಿದವರೆಲ್ಲ ಒಂದೇ ಮಟ್ಟಕ್ಕೆ ಬರುವುದಿಲ್ಲ. ಕೆಲವರು ಹದಿನೈದಕ್ಕೇ ಪಳಗುತ್ತಾರೆ, ಕೆಲವರು ಒಂದೇ ತಪ್ಪನ್ನು ಐವತ್ತು ಸಲ ರೂಢಿ ಮಾಡಿಕೊಳ್ಳುತ್ತಾರೆ. "ಮಾಡಿದೆ" ಎನ್ನುವುದಕ್ಕೂ ಹಲವು ಅರ್ಥಗಳಿವೆ. ಚರ್ಮ ಕೊಯ್ದು ಚರ್ಮ ಹೊಲಿದು ನಡುವಿನ ಕೆಲಸವನ್ನೆಲ್ಲ ಸೀನಿಯರ್ ಮಾಡಿದ್ದರೂ ಮಾಡಿದ ಕೇಸುಗಳನ್ನು ದಾಖಲಿಸುವ ಲಾಗ್‌ಬುಕ್ಕಿನಲ್ಲಿ ಅದು ಒಂದು ಕೇಸೇ.

ಸುಶ್ರುತನ ಹೆಸರೆತ್ತದೆ ಭಾರತೀಯ ಸರ್ಜನ್ ಭಾಷಣ ಮುಗಿಸಬಾರದು ಎಂಬ ಅಲಿಖಿತ ನಿಯಮವೊಂದಿದೆ, ನಾನೂ ಪಾಲಿಸಿಬಿಡುತ್ತೇನೆ. ಅವನು ತುಂಡಾದ ಮೂಗನ್ನು ಮತ್ತೆ ಕಟ್ಟಿದ ಕಥೆ ನೀವು ಕೇಳಿದ್ದೀರಿ. ಸುಶ್ರುತ ಸಂಹಿತೆಯ ಸೂತ್ರಸ್ಥಾನದಲ್ಲಿ ಅಭ್ಯಾಸಕ್ಕೆಂದೇ ಮೀಸಲಾದ ಒಂಬತ್ತನೆಯ ಅಧ್ಯಾಯವನ್ನು ಓದುವವರು ಕಡಿಮೆ. ಕೊಯ್ಯುವುದನ್ನು ಕುಂಬಳ, ಸೋರೆ, ಸೌತೆಗಳ ಮೇಲೆ ಕಲಿಯಬೇಕು. ಸೀಳುವುದನ್ನು ನೀರು, ಕೆಸರು ತುಂಬಿದ ಚರ್ಮದ ಚೀಲದ ಮೇಲೆ, ರಕ್ತನಾಳ ಚುಚ್ಚುವುದನ್ನು ಸತ್ತ ಪ್ರಾಣಿಯ ನಾಳ ಮತ್ತು ನೈದಿಲೆ ದಂಟಿನ ಮೇಲೆ, ಹೊಲಿಗೆಯನ್ನು ಬಟ್ಟೆ ಮತ್ತು ಮೃದುವಾದ ಚರ್ಮದ ಮೇಲೆ, ಪಟ್ಟಿ ಕಟ್ಟುವುದನ್ನು ಬೊಂಬೆಯ ಮೇಲೆ. ಎಷ್ಟೇ ಓದಿದ್ದರೂ ಈ ಅಭ್ಯಾಸವಿಲ್ಲದವನು ಕೆಲಸಕ್ಕೆ ಬಾರನು ಎಂಬುದು ಅವನ ನಿಲುವು. ನನಗೆ ಅದಕ್ಕಿಂತ ಕುತೂಹಲದ್ದು ಅದರ ಮುಂದಿನ ಅಧ್ಯಾಯ. ಶಾಸ್ತ್ರ ಓದಿ, ಅರ್ಥ ತಿಳಿದು, ಕೆಲಸವನ್ನು ಕಣ್ಣಾರೆ ಕಂಡು, ಅಭ್ಯಾಸ ಮುಗಿಸಿದ ಮೇಲೂ ವೈದ್ಯನು ವೃತ್ತಿಗೆ ಇಳಿಯಬೇಕಾದರೆ ರಾಜನ ಅನುಮತಿ ಬೇಕು ಎನ್ನುತ್ತಾನೆ. ಕಲಿತವನ ಆತ್ಮವಿಶ್ವಾಸ ಒಂದೇ ಸಾಲದು, ಹೊರಗಿನವರೊಬ್ಬರು ಹೊಣೆ ಹೊರಬೇಕು ಎಂಬ ಯೋಚನೆ ಅಲ್ಲಿದೆ.

ಕುಂಬಳಕಾಯಿಯ ಮೇಲಿನ ಅಭ್ಯಾಸವನ್ನು ಅಳತೆಯಾಗಿ ಬದಲಿಸಿದವರು ಕೆನಡಾದ ಟೊರಾಂಟೊ ವಿಶ್ವವಿದ್ಯಾಲಯದ ರಿಚರ್ಡ್ ರೆಜ್ನಿಕ್ ಮತ್ತು ಸಂಗಡಿಗರು. ಸ್ಕಾಟ್ಲೆಂಡಿನ ಡಂಡೀಯಲ್ಲಿ ರೊನಾಲ್ಡ್ ಹಾರ್ಡನ್ 1975ರಲ್ಲಿ ರೂಪಿಸಿದ್ದ ಪರೀಕ್ಷೆಯೊಂದಿತ್ತು. ಅಭ್ಯರ್ಥಿಗಳು ಗಂಟೆ ಹೊಡೆದಂತೆ ಮೇಜಿನಿಂದ ಮೇಜಿಗೆ ಸರಿಯುತ್ತ ಒಂದೊಂದರಲ್ಲಿ ಒಂದೊಂದು ಕೆಲಸ ಮಾಡಿ ತೋರಿಸಬೇಕು. ನಮ್ಮ ಎಂ.ಬಿ.ಬಿ.ಎಸ್. ಮಕ್ಕಳಿಗೆ ಅದು ಓಸ್ಕಿ ಎಂಬ ಹೆಸರಿನಲ್ಲಿ ಪರಿಚಿತ. ಟೊರಾಂಟೊದವರು 1990ರ ದಶಕದಲ್ಲಿ ಅದನ್ನು ಸರ್ಜರಿಗೆ ಒಗ್ಗಿಸಿ ಓಸಾಟ್ಸ್ ಎಂದು ಕರೆದರು. ಒಂದು ಮೇಜಿನಲ್ಲಿ ಕರುಳನ್ನು ಜೋಡಿಸಿ ಹೊಲಿ, ಇನ್ನೊಂದರಲ್ಲಿ ಚರ್ಮದ ಗಡ್ಡೆ ತೆಗೆ, ಹೀಗೆ. ನೋಡುವವರು ಏಳು ಅಂಶಗಳಿಗೆ ಒಂದರಿಂದ ಐದರವರೆಗೆ ಅಂಕ ಕೊಡುತ್ತಾರೆ: ಅಂಗಾಂಶವನ್ನು ಎಷ್ಟು ನಯವಾಗಿ ಮುಟ್ಟುತ್ತಾರೆ, ಕೈ ಸುಮ್ಮನೆ ಅಲೆಯುತ್ತದೆಯೇ, ಉಪಕರಣ ಹಿಡಿಯುವ ರೀತಿ, ಉಪಕರಣಗಳ ಪರಿಚಯ, ಸಹಾಯಕರನ್ನು ಬಳಸಿಕೊಳ್ಳುವ ಬಗೆ, ಕೆಲಸದ ಓಟ ಮತ್ತು ಮುಂದಾಲೋಚನೆ, ಆ ಆಪರೇಷನ್ನಿನ ಜ್ಞಾನ. ಕೆಲಸದ ಹಂತಗಳಿಗೆ ಟಿಕ್ ಹಾಕುತ್ತ ಹೋಗುವ ಪಟ್ಟಿಗಿಂತ ಈ ಏಳು ಅಂಶಗಳ ಒಟ್ಟು ತೂಕವೇ ಹೆಚ್ಚು ನಂಬಿಕೆಗೆ ಅರ್ಹವೆಂದು ಅವರಿಗೆ ಕಂಡಿತು. ಒಳ್ಳೆಯ ಸರ್ಜನ್ನಿನ ಕಣ್ಣಂದಾಜನ್ನು ತಳ್ಳಿಹಾಕದೆ ಅದಕ್ಕೆ ಏಳು ಪ್ರಶ್ನೆ ಕೇಳಿ ಉತ್ತರ ಬರೆಸಿಕೊಂಡದ್ದು ಅವರ ಜಾಣತನ.

ಇದಕ್ಕೆ ಕೋಟಿ ರೂಪಾಯಿಯ ಸ್ಕಿಲ್ ಲ್ಯಾಬ್ ಬೇಕೆಂದು ಯಾರಾದರೂ ಹೇಳಿದರೆ ನಂಬಬೇಡಿ. ಮಟನ್ ಅಂಗಡಿಯ ಕುರಿಯ ಕರುಳು ಹೊಲಿಗೆ ಕಲಿಯಲು ಚೆನ್ನಾಗಿ ಒದಗುತ್ತದೆ. ರಟ್ಟಿನ ಪೆಟ್ಟಿಗೆಗೆ ತೂತು ಕೊರೆದು ಒಳಗೆ ಮೊಬೈಲ್ ಕ್ಯಾಮೆರಾ ಇಟ್ಟರೆ ಲ್ಯಾಪರೋಸ್ಕೋಪಿಯ ಕೈ ಅಭ್ಯಾಸ ಹಾಸ್ಟೆಲ್ ಕೋಣೆಯಲ್ಲೇ ಆಗುತ್ತದೆ. ಇಂಥ ಅಭ್ಯಾಸ ಓ.ಟಿ.ಗೂ ಬರುತ್ತದೆಯೇ ಎಂಬ ಸಂದೇಹವನ್ನು ಯೇಲ್ ವಿಶ್ವವಿದ್ಯಾಲಯದ 2002ರ ಒಂದು ಪ್ರಯೋಗ ಬಹುಮಟ್ಟಿಗೆ ಪರಿಹರಿಸಿತು. 16 ರೆಸಿಡೆಂಟ್‌ಗಳಲ್ಲಿ ಅರ್ಧ ಮಂದಿ ಕಂಪ್ಯೂಟರ್ ಸಿಮ್ಯುಲೇಟರಿನ ಮೇಲೆ ಗೊತ್ತಾದ ಮಟ್ಟ ಮುಟ್ಟುವವರೆಗೆ ಅಭ್ಯಾಸ ಮಾಡಿದರು, ಅರ್ಧ ಮಂದಿ ಮಾಡಲಿಲ್ಲ. ನಿಜವಾದ ಪಿತ್ತಕೋಶದ ಆಪರೇಷನ್ನಿನಲ್ಲಿ ಅಭ್ಯಾಸ ಮಾಡಿದವರು 29% ಬೇಗ ಕೆಲಸ ಮುಗಿಸಿದರು. ಪಿತ್ತಕೋಶಕ್ಕೆ ಪೆಟ್ಟು ಮಾಡುವ ಅಥವಾ ಬೇರೆ ಜಾಗ ಸುಡುವ ಸಂಭವ ಅಭ್ಯಾಸವಿಲ್ಲದವರಲ್ಲಿ ಐದು ಪಟ್ಟು ಹೆಚ್ಚಿತ್ತು. ಅಭ್ಯಾಸ "ಇಷ್ಟು ಗಂಟೆ" ಎಂದಿರಲಿಲ್ಲ, "ಈ ಮಟ್ಟ ಮುಟ್ಟುವವರೆಗೆ" ಎಂದಿತ್ತು ಎಂಬುದನ್ನು ನಮ್ಮ ಕಾಲೇಜುಗಳು ಗಮನಿಸಬೇಕು.

ಕೈಯ ನೈಪುಣ್ಯಕ್ಕೂ ರೋಗಿಯ ಗತಿಗೂ ಎಷ್ಟು ನಂಟು? ಮಿಷಿಗನ್ ರಾಜ್ಯದಲ್ಲಿ ಬೊಜ್ಜಿನ ಚಿಕಿತ್ಸೆಗೆ ಜಠರದ ಬೈಪಾಸ್ ಮಾಡುವ 20 ಸರ್ಜನ್ನರು ತಲಾ ಒಂದು ಆಪರೇಷನ್ನಿನ ವಿಡಿಯೊ ಕೊಟ್ಟರು. ಇತರ ಸರ್ಜನ್ನರು ಹೆಸರು ತಿಳಿಯದೆ ಅವನ್ನು ನೋಡಿ ಅಂಕ ಕೊಟ್ಟರು. ಜಾನ್ ಬರ್ಕ್‌ಮೈಯರ್ ಮತ್ತು ಸಂಗಡಿಗರು 2013ರಲ್ಲಿ ಪ್ರಕಟಿಸಿದ ಫಲಿತಾಂಶ ನಮ್ಮ ವೃತ್ತಿಯ ನಿದ್ದೆ ಕೆಡಿಸುವಂಥದ್ದು. ಕೆಳಗಿನ ಕಾಲುಭಾಗದವರ ರೋಗಿಗಳಲ್ಲಿ ತೊಡಕು 14.5%, ಮೇಲಿನ ಕಾಲುಭಾಗದವರಲ್ಲಿ 5.2%. ಸಾವು 0.26% ಮತ್ತು 0.05%. ಅವರಲ್ಲಿ ಒಬ್ಬರೂ ವಿದ್ಯಾರ್ಥಿಯಲ್ಲ. ಎಲ್ಲರೂ ತರಬೇತಿ ಮುಗಿಸಿ ವರ್ಷಗಟ್ಟಲೆ ಕೆಲಸ ಮಾಡಿದವರು.

ಇಷ್ಟು ಹೇಳಿದ ಮೇಲೂ, ಕೈ ಚುರುಕಾಗಿರುವ ಪಿ.ಜಿ.ಯನ್ನು ಕಂಡರೆ ನನಗೆ ಸ್ವಲ್ಪ ಭಯವೇ. ನ್ಯೂಯಾರ್ಕಿನ ಹೃದಯ ಸರ್ಜನ್ ಫ್ರಾಂಕ್ ಸ್ಪೆನ್ಸರ್ 1978ರಲ್ಲೇ ಒಂದು ಲೆಕ್ಕ ಹೇಳಿದ್ದರು: ಚೆನ್ನಾಗಿ ನಡೆದ ಆಪರೇಷನ್ನಿನಲ್ಲಿ ಮುಕ್ಕಾಲು ಪಾಲು ನಿರ್ಧಾರಗಳದ್ದು, ಕಾಲು ಪಾಲು ಕೈಚಳಕದ್ದು. ಅಳೆದು ತೆಗೆದ ಅಂಕಿಯಲ್ಲ ಅದು, ಅನುಭವದ ಮಾತು. ಟೊರಾಂಟೊದ ಕ್ಯಾರಲ್-ಆನ್ ಮೋಲ್ಟನ್ ಅನುಭವಿ ಸರ್ಜನ್ನರನ್ನು ಮಾತನಾಡಿಸಿ, ಓ.ಟಿ.ಯಲ್ಲಿ ಗಮನಿಸಿ ಕಂಡುಕೊಂಡದ್ದು ಇದಕ್ಕೆ ಹತ್ತಿರವಿದೆ. ನುರಿತವರ ಲಕ್ಷಣ ವೇಗವಲ್ಲ, ಬೇಕಾದ ಜಾಗದಲ್ಲಿ ನಿಧಾನಿಸುವುದು. ರೇಡಿಯೊ ಹಾಡು ಕೇಳುತ್ತ, ಹರಟೆ ಹೊಡೆಯುತ್ತ ಮಾಡುತ್ತಿದ್ದವರು ಒಂದು ಘಟ್ಟದಲ್ಲಿ ಮಾತು ನಿಲ್ಲಿಸುತ್ತಾರೆ, ಹಾಡು ನಿಲ್ಲಿಸಿ ಎನ್ನುತ್ತಾರೆ.

ಪಿತ್ತಕೋಶದಲ್ಲಿ ಆ ಘಟ್ಟ ಎಲ್ಲಿದೆ ಎಂದು ಬೊಟ್ಟು ಮಾಡಿ ತೋರಿಸಬಹುದು. ಅಮೆರಿಕದ ಸೇಂಟ್ ಲೂಯಿಯ ಸ್ಟೀವನ್ ಸ್ಟ್ರಾಸ್‌ಬರ್ಗ್ 1995ರಲ್ಲಿ ಒಂದು ನಿಯಮ ಮುಂದಿಟ್ಟರು. ನಾಳಕ್ಕೆ ಕ್ಲಿಪ್ ಹಾಕಿ ಕತ್ತರಿಸುವ ಮುನ್ನ ಮೂರು ಸಂಗತಿ ಕಣ್ಣಿಗೆ ಕಾಣಬೇಕು. ಪಿತ್ತಕೋಶದ ಕುತ್ತಿಗೆಯ ತ್ರಿಕೋನದಲ್ಲಿನ ಕೊಬ್ಬು, ನಾರುಗಳೆಲ್ಲ ಹೋಗಿ ಸ್ವಚ್ಛವಾಗಿರಬೇಕು. ಪಿತ್ತಕೋಶದ ಕೆಳಭಾಗ ಯಕೃತ್ತಿನಿಂದ ಬಿಡಿಸಿಕೊಂಡಿರಬೇಕು. ಪಿತ್ತಕೋಶದೊಳಕ್ಕೆ ಹೋಗುತ್ತಿರುವುದು ಎರಡೇ ಎರಡು ಎಳೆ ಎಂದು ಖಾತ್ರಿಯಾಗಬೇಕು. ನಾನು ಪಿ.ಜಿ.ಯ ಪಕ್ಕದಲ್ಲಿ ನಿಂತಾಗ ಕಾಯುವುದು ಈ ಕ್ಷಣಕ್ಕೇ. ಅಲ್ಲಿಯವರೆಗೆ ಚೆಂದವಾಗಿ ಬಿಡಿಸುತ್ತ ಬಂದ ಕೈ ಅಲ್ಲಿ ತಾನಾಗಿ ನಿಲ್ಲುತ್ತದೆಯೇ? ಕ್ಯಾಮೆರಾ ಹಿಡಿದವರಿಗೆ ಹಿಂದೆ ಮುಂದೆ ಎರಡೂ ಕಡೆಯಿಂದ ತೋರಿಸಲು ಹೇಳುತ್ತದೆಯೇ? ಉರಿಯೂತದಿಂದ ಎಲ್ಲವೂ ಅಂಟಿಕೊಂಡು ಮೂರು ಸಂಗತಿಯೂ ಕಾಣದಿದ್ದರೆ "ಸರ್, ನೀವು ಬನ್ನಿ" ಅಥವಾ "ಹೊಟ್ಟೆ ತೆರೆಯೋಣ" ಎಂಬ ಮಾತು ಬಾಯಿಗೆ ಬರುತ್ತದೆಯೇ? ಮೂರನೆಯ ವರ್ಷದಲ್ಲಿ ಅದನ್ನು ಹೇಳಲು ನಾಚಿಕೆಪಡುವವರಿಗೆ ನಾನು ಒಂಟಿಯಾಗಿ ಕೇಸು ಬಿಡುವುದಿಲ್ಲ, ಹೊಲಿಗೆ ಎಷ್ಟೇ ಅಂದವಾಗಿರಲಿ. ಲಾಗ್‌ಬುಕ್ಕಿನಲ್ಲಿ ಸಹಾಯ ಕೇಳಿದ್ದಕ್ಕೆ ಅಂಕಣವಿಲ್ಲ. ಇರಬೇಕಿತ್ತು.

ಲಾಗ್‌ಬುಕ್ಕಿನ ಮಾತು ಬಂತು. ಅದರಲ್ಲಿ ಪ್ರತಿ ಆಪರೇಷನ್ನಿನ ಮುಂದೆ ನಾಲ್ಕರಲ್ಲಿ ಒಂದು ಗುರುತು ಹಾಕುತ್ತೇವೆ: ನೋಡಿದ್ದು, ಸಹಾಯ ಮಾಡಿದ್ದು, ಹಿರಿಯರ ನಿಗಾದಲ್ಲಿ ಮಾಡಿದ್ದು, ಸ್ವತಂತ್ರವಾಗಿ ಮಾಡಿದ್ದು. ಅಮೆರಿಕದ ಕೆಂಟಕಿ ವಿಶ್ವವಿದ್ಯಾಲಯದ ಜೋಸೆಫ್ ಜ್ವಿಷನ್‌ಬರ್ಗರ್ ಹೆಸರಿನ ಜ್ವಿಷ್ ಅಳತೆಗೋಲಿನಲ್ಲೂ ನಾಲ್ಕೇ ಮೆಟ್ಟಿಲು. ಮೊದಲನೆಯದರಲ್ಲಿ ಗುರು ಮಾಡುತ್ತ ವಿವರಿಸುತ್ತಾರೆ. ಎರಡನೆಯದರಲ್ಲಿ ಶಿಷ್ಯ ಮಾಡುತ್ತಾನೆ, ಆದರೆ ಎದುರಿಗೆ ನಿಂತ ಗುರುವೇ ಅಂಗಾಂಶವನ್ನು ಹಿಡಿದು ಎಳೆದು ಮುಂದಿನ ದಾರಿ ತೋರುತ್ತಿರುತ್ತಾರೆ. ಮೂರನೆಯದರಲ್ಲಿ ಗುರು ಹೇಳಿದ್ದು ಮಾಡುವ ಸಹಾಯಕರಷ್ಟೇ, ದಾರಿ ಶಿಷ್ಯನದು. ನಾಲ್ಕನೆಯದರಲ್ಲಿ ಗುರು ಗೋಡೆಗೊರಗಿ ನಿಂತಿರುತ್ತಾರೆ. ಹರ್ನಿಯಾ ಮಾಡಿದವರಿಗೆಲ್ಲ ಎರಡು ಮತ್ತು ಮೂರರ ನಡುವಿನ ಅಂತರ ಗೊತ್ತು. ಎದುರಿಗೆ ಒಳ್ಳೆಯ ಸೀನಿಯರ್ ಇದ್ದರೆ ಎರಡನೆಯ ವರ್ಷದ ಹುಡುಗನಿಗೂ ತಾನು ಮಹಾ ಸರ್ಜನ್ ಎನ್ನಿಸಿಬಿಡುತ್ತದೆ. ಒಂದು ದಿನ ಎದುರಿಗೆ ಇಂಟರ್ನ್ ನಿಂತಾಗ ಅದೇ ಹರ್ನಿಯಾದ ಚೀಲ ಕೈಗೇ ಸಿಗುವುದಿಲ್ಲ.

ಮೆಟ್ಟಿಲುಗಳು ಹೆಚ್ಚು ಕಡಿಮೆ ಒಂದೇ. ವ್ಯತ್ಯಾಸ ಇರುವುದು ಯಾರು ಬರೆಯುತ್ತಾರೆ, ಯಾವಾಗ ಬರೆಯುತ್ತಾರೆ ಎಂಬುದರಲ್ಲಿ. ಜ್ವಿಷ್ ಅಳತೆಯನ್ನು ಅಮೆರಿಕದಲ್ಲಿ ಸಿಂಪಲ್ ಎಂಬ ಮೊಬೈಲ್ ಆಪ್‌ಗೆ ಹಾಕಿದರು. ಗುರು ಮೂರು ಪ್ರಶ್ನೆಗೆ ಉತ್ತರ ಕೊಡಬೇಕು: ಎಷ್ಟು ಸ್ವಾತಂತ್ರ್ಯ ಕೊಟ್ಟಿರಿ, ಹೇಗೆ ಮಾಡಿದರು, ಕೇಸು ಎಷ್ಟು ಕಠಿಣವಿತ್ತು. ಒಂದು ನಿಮಿಷದ ಕೆಲಸ. 72 ಗಂಟೆ ದಾಟಿದರೆ ಅದು ಉತ್ತರವನ್ನು ಒಪ್ಪುವುದಿಲ್ಲ. ನಮ್ಮಲ್ಲಿ ಲಾಗ್‌ಬುಕ್ ಬರೆಯುವವರು ಪಿ.ಜಿ.ಗಳೇ. ಪರೀಕ್ಷೆಗೆ ಕೆಲವು ವಾರ ಇರುವಾಗ ಓ.ಟಿ. ರಿಜಿಸ್ಟರ್ ಮುಂದಿಟ್ಟುಕೊಂಡು, ಎರಡು ಬಣ್ಣದ ಪೆನ್ನು ಹಿಡಿದು ರಾತ್ರಿಯೆಲ್ಲ ಕೂತು ತುಂಬುವ ದೃಶ್ಯ ಇಲ್ಲಿರುವ ಯಾವ ಸರ್ಜನ್ನಿಗೂ ಹೊಸದಲ್ಲ. ಗೈಡ್ ಆದವರು ಪುಟಗಟ್ಟಲೆ ಸಹಿ ಹಾಕುತ್ತಾರೆ. ರಾಷ್ಟ್ರೀಯ ವೈದ್ಯಕೀಯ ಆಯೋಗದ ಪಠ್ಯಕ್ರಮ ಸಾಮರ್ಥ್ಯ ಆಧಾರಿತ ಶಿಕ್ಷಣ ಎನ್ನುತ್ತದೆ, ನಿರಂತರ ಮೌಲ್ಯಮಾಪನ ಬೇಕೆನ್ನುತ್ತದೆ. ಕಾಗದದ ಮೇಲೆ ಅದರಲ್ಲಿ ತಪ್ಪು ಹುಡುಕುವುದು ಕಷ್ಟ.

ಹಾಗೆ ಬರೆದಿಟ್ಟ ಅಂಕಗಳು ಏನು ಹೇಳಿದವು? ಅಮೆರಿಕದ 14 ತರಬೇತಿ ಕೇಂದ್ರಗಳಿಂದ ಬಂದ ಹತ್ತು ಸಾವಿರಕ್ಕೂ ಹೆಚ್ಚು ಅಂಕಗಳನ್ನು 2017ರಲ್ಲಿ ಕೂಡಿಸಿ ನೋಡಿದಾಗ, ಐದು ವರ್ಷದ ತರಬೇತಿ ಮುಗಿಸುವ ಹೊತ್ತಿಗೂ ಎಲ್ಲ ರೆಸಿಡೆಂಟ್‌ಗಳು ಎಲ್ಲ ಮೂಲ ಆಪರೇಷನ್‌ಗಳಿಗೆ ಸಿದ್ಧರಾಗಿರುವುದಿಲ್ಲ ಎಂಬುದು ಸ್ಪಷ್ಟವಾಯಿತು. ಅದಕ್ಕೂ ಮೊದಲು 2013ರಲ್ಲಿ, ತರಬೇತಿ ಮುಗಿಸಿ ಫೆಲೋಶಿಪ್ಪಿಗೆ ಬಂದವರ ಬಗ್ಗೆ ಅಲ್ಲಿನ ನಿರ್ದೇಶಕರನ್ನು ಕೇಳಿದ್ದರು. ದೊಡ್ಡ ಆಪರೇಷನ್ನಿನಲ್ಲಿ ಅರ್ಧ ಗಂಟೆ ಒಬ್ಬರನ್ನೇ ಬಿಟ್ಟರೆ ನಿಭಾಯಿಸಲಾರರು ಎಂಬ ಮಾತು 66%ರಷ್ಟು ಬಂದಿತ್ತು. ಐದು ವರ್ಷ ಕಲಿಸುವವರ ಪಾಡು ಇದಾದರೆ ಮೂರು ವರ್ಷದವರಾದ ನಾವು ಬರೆದಿಡಲು ಹಿಂಜರಿಯುವುದೇಕೆ ಎಂದು ನೀವು ಊಹಿಸಬಲ್ಲಿರಿ.

ಗುರುಗಳ ಕಣ್ಣಿಗೂ ದೋಷವಿದೆ. ಕೆಲವರು ಯಾರಿಗೂ ಮೂರರ ಮೇಲೆ ಕೊಡರು, ಕೆಲವರು ಎಲ್ಲರಿಗೂ ಐದು. ಎದೆಗೂಡಿನ ಸರ್ಜರಿ ಕಲಿಯುವವರ ಬಗ್ಗೆ ಅಮೆರಿಕದಲ್ಲಿ 2017ರಲ್ಲಿ ಬಂದ ಅಧ್ಯಯನವೊಂದರಲ್ಲಿ ಹೆಣ್ಣುಮಕ್ಕಳಿಗೆ ಓ.ಟಿ.ಯಲ್ಲಿ ಸಿಗುವ ಸ್ವಾತಂತ್ರ್ಯ ಗಂಡುಮಕ್ಕಳಿಗಿಂತ ಕಡಿಮೆ ಎಂದು ಕಂಡುಬಂತು. ನಮ್ಮಲ್ಲಿ ಅಂಥ ಲೆಕ್ಕ ತೆಗೆದರೆ ಏನು ಬರಬಹುದು ಎಂದು ಇಲ್ಲಿರುವ ಹೆಣ್ಣುಮಕ್ಕಳು ಹೇಳಲಿ. ಈ ದೋಷಕ್ಕೆ ನನಗೆ ಕಾಣುವ ಮದ್ದು ಒಂದೇ: ಹಲವರು, ಹಲವು ಸಲ, ಬೇರೆ ಬೇರೆ ಕೇಸುಗಳಲ್ಲಿ ನೋಡಿ ಬರೆಯುವುದು.

ಬರೆದಿಟ್ಟುಕೊಳ್ಳುವುದು ವಿದ್ಯಾರ್ಥಿಗಳಿಗೆ ಮಾತ್ರ ಬೇಕಾದದ್ದೂ ಅಲ್ಲ. ಇಂಗ್ಲೆಂಡಿನ ಎರಡು ಊರುಗಳ ಸಂಗತಿ ಹೇಳುತ್ತೇನೆ. ಹೃದಯದಿಂದ ಹೊರಡುವ ಎರಡು ದೊಡ್ಡ ರಕ್ತನಾಳಗಳು ಅದಲುಬದಲಾಗಿ ಹುಟ್ಟುವ ಶಿಶುಗಳಿಗೆ ಅವನ್ನು ಕತ್ತರಿಸಿ ಸರಿಯಾದ ಜಾಗಕ್ಕೆ ಹೊಲಿಯುವ ಆಪರೇಷನ್ ಇದೆ. ಲಂಡನ್ನಿನ ಗ್ರೇಟ್ ಆರ್ಮಂಡ್ ಸ್ಟ್ರೀಟ್ ಆಸ್ಪತ್ರೆಯ ಮಾರ್ಕ್ ಡಿ ಲೆವಲ್ ತಮ್ಮ 104 ಶಿಶುಗಳ ಲೆಕ್ಕವನ್ನು 1994ರಲ್ಲಿ ತಾವೇ ಪ್ರಕಟಿಸಿದರು. ಮೊದಲ 52ರಲ್ಲಿ ಸಾವು ಒಂದೇ. ಆಮೇಲಿನ 16ರಲ್ಲಿ ಏಳು. ಕಾರ್ಖಾನೆಗಳಲ್ಲಿ ಸರಕಿನ ಗುಣಮಟ್ಟ ಕುಸಿಯುವುದನ್ನು ಹಿಡಿಯಲು ಬಳಸುತ್ತಿದ್ದ ಕುಸಮ್ ಎಂಬ ರೇಖೆಯನ್ನು ತಮ್ಮ ಕೆಲಸಕ್ಕೇ ಹಾಕಿ ನೋಡಿದರು. ಫಲಿತಾಂಶ ಚೆನ್ನಾಗಿದ್ದ ಬೇರೆ ಊರಿನ ಸಹೋದ್ಯೋಗಿಯ ಓ.ಟಿ.ಗೆ ಹೋಗಿ ನಿಂತು ಮತ್ತೆ ಕಲಿತರು. ಸಾವು ಇಳಿಯಿತು. ಅದೇ ವರ್ಷಗಳಲ್ಲಿ ಬ್ರಿಸ್ಟಲ್ಲಿನ ಆಸ್ಪತ್ರೆಯಲ್ಲಿ ಮಕ್ಕಳ ಹೃದಯದ ಆಪರೇಷನ್‌ಗಳು ಕೆಡುತ್ತಿದ್ದವು. ಸ್ಟೀಫನ್ ಬಾಲ್ಸಿನ್ ಎಂಬ ಅರಿವಳಿಕೆ ತಜ್ಞರು ಲೆಕ್ಕ ಇಟ್ಟು ತೋರಿಸಿದರೂ ಬಹುಕಾಲ ಯಾರೂ ಕಿವಿಗೊಡಲಿಲ್ಲ. ಇಯಾನ್ ಕೆನಡಿ ನೇತೃತ್ವದ ವಿಚಾರಣೆಯ ವರದಿ 2001ರಲ್ಲಿ ಬಂತು. 1991ರಿಂದ 1995ರ ನಡುವೆ ಒಂದು ವರ್ಷದೊಳಗಿನ 30ರಿಂದ 35 ಮಕ್ಕಳು ಬೇರೆಡೆಯ ಸರಾಸರಿಗಿಂತ ಹೆಚ್ಚಾಗಿ ಸತ್ತಿದ್ದರು ಎಂದು ಅದು ಅಂದಾಜಿಸಿತು.

ಇಷ್ಟು ಹೊತ್ತು ಕಲಿಯುವವರ, ಕಲಿಸುವವರ ಮಾತಾಯಿತು. ಕಲಿಕೆ ನಡೆಯುವ ದೇಹ ಯಾರದ್ದು? ನಮ್ಮಲ್ಲಿ ಹೆಚ್ಚಾಗಿ ಸರ್ಕಾರಿ ಬೋಧನಾ ಆಸ್ಪತ್ರೆಯ ಜನರಲ್ ವಾರ್ಡಿನವರದ್ದು. ಹಣವುಳ್ಳವರು ಕಲಿತು ಮುಗಿಸಿದವರ ಬಳಿ ಹೋಗುತ್ತಾರೆ. ನೀವು ಹೆದರಬಾರದೆಂದು ಒಂದು ಮಾತು ಸೇರಿಸುತ್ತೇನೆ: ಅಮೆರಿಕದ ದೊಡ್ಡ ದತ್ತಾಂಶಗಳಲ್ಲಿ ರೆಸಿಡೆಂಟ್‌ಗಳು ಪಾಲ್ಗೊಂಡ ಆಪರೇಷನ್‌ಗಳು ಹೆಚ್ಚು ಸಮಯ ಹಿಡಿದಿವೆ, ಸಣ್ಣ ತೊಡಕುಗಳು ತುಸು ಹೆಚ್ಚಿವೆ, ಸಾವು ಹೆಚ್ಚಿಲ್ಲ. ಆದರೆ ಅದು ಗುರು ಪಕ್ಕದಲ್ಲಿ ನಿಂತಿರುವಾಗಿನ ಲೆಕ್ಕ. ಆದ್ದರಿಂದ ರೋಗಿಯ ಮನೆಯವರು "ಆಪರೇಷನ್ ಯಾರು ಮಾಡ್ತಾರೆ, ದೊಡ್ಡ ಡಾಕ್ಟ್ರು ಒಳಗಿರ್ತಾರಾ" ಎಂದು ಕೇಳಿದರೆ ಅದು ಅಧಿಕಪ್ರಸಂಗವಲ್ಲ. ಕೇಳಿ. ಪಿ.ಜಿ. ಮಿತ್ರರೇ, ಕೇಳಿದಾಗ ನಿಜ ಹೇಳಿ. ನಿಜ ಹೇಳಿದರೆ ಹೆಚ್ಚಿನವರು ಒಪ್ಪುತ್ತಾರೆ ಎಂಬುದು ನನ್ನ ಅನುಭವ.

ಕೊನೆಯದಾಗಿ, ಸಿದ್ಧತೆ ಎಂದರೆ ಯಾವುದಕ್ಕೆ ಸಿದ್ಧತೆ? ನೆದರ್ಲೆಂಡ್ಸಿನ ಊಟ್ರೆಕ್ಟ್ ನಗರದ ಓಲೆ ಟೆನ್ ಕೇಟ್ 2005ರಲ್ಲಿ ಈ ಪ್ರಶ್ನೆಯನ್ನು ಹೊಸದಾಗಿ ಕೇಳಿದರು. ಇವರಿಗೆ ಎಷ್ಟು ಗೊತ್ತಿದೆ ಎಂದು ಕೇಳುವ ಬದಲು, ಈ ಕೆಲಸವನ್ನು ಇವರಿಗೆ ಎಷ್ಟು ನಿಗಾ ಇಟ್ಟು ಒಪ್ಪಿಸಬಲ್ಲಿರಿ ಎಂದು ಗುರುವನ್ನು ಕೇಳಬೇಕೆಂದರು. ಅಮೆರಿಕದ ಸರ್ಜರಿ ಮಂಡಳಿ 2023ರ ಜುಲೈಯಿಂದ ಜನರಲ್ ಸರ್ಜರಿಗೆ ಇಂಥ 18 ಕೆಲಸಗಳ ಪಟ್ಟಿ ಜಾರಿಗೆ ತಂದಿದೆ. ಬ್ರಿಟನ್ನಿನಲ್ಲಿ 2021ರಿಂದ ವಿದ್ಯಾರ್ಥಿಯನ್ನು ಬಲ್ಲ ಕನ್ಸಲ್ಟೆಂಟ್‌ಗಳೆಲ್ಲ ಒಟ್ಟಿಗೆ ಕುಳಿತು ಐದು ವಿಷಯಗಳ ಬಗ್ಗೆ ಅಭಿಪ್ರಾಯ ಬರೆಯುತ್ತಾರೆ: ಓ.ಪಿ.ಡಿ., ಎಮರ್ಜೆನ್ಸಿ, ವಾರ್ಡ್ ರೌಂಡ್, ಓ.ಟಿ. ಲಿಸ್ಟ್, ಇತರ ವಿಭಾಗದವರೊಂದಿಗೆ ಸಮಾಲೋಚನೆ. ಮುಟ್ಟಬೇಕಾದ ಮಟ್ಟ ಕನ್ಸಲ್ಟೆಂಟ್ ಆಗಿ ಕೆಲಸ ಮಾಡುವ ಮೊದಲ ದಿನದ್ದು.

ನಮ್ಮ ಹುಡುಗರ ಮೊದಲ ದಿನ ಎಲ್ಲಿ? ಕರ್ನಾಟಕದ 2012ರ ಕಾಯ್ದೆಯಂತೆ ಕೋರ್ಸು ಮುಗಿಸಿದವರು ಒಂದು ವರ್ಷ ಸರ್ಕಾರಿ ಸೇವೆ ಮಾಡಬೇಕೆಂದಾಯಿತು. ಈಚೆಗೆ ಅದನ್ನು ಅಗತ್ಯಕ್ಕೆ ತಕ್ಕಂತೆ ಎಂದು ಸಡಿಲಿಸಿದ್ದಾರೆ. ಸೇವೆಗಾಗಿಯೋ ಕೆಲಸಕ್ಕಾಗಿಯೋ, ಎಂ.ಎಸ್. ಮುಗಿಸಿದವರೊಬ್ಬರು ತಾಲ್ಲೂಕು ಆಸ್ಪತ್ರೆಗೆ ಹೋದರೆ ಅಲ್ಲಿ ಅವರೇ ದೊಡ್ಡ ಸರ್ಜನ್. ರಾತ್ರಿ ಎರಡು ಗಂಟೆಗೆ ಕರುಳು ತೂತಾದ ರೋಗಿ ಬಂದರೆ ಪಕ್ಕದ ಕೋಣೆಯಲ್ಲಿ ಸೀನಿಯರ್ ಇರುವುದಿಲ್ಲ. ಲಂಡನ್ನಿನ ಮೊದಲ ದಿನಕ್ಕಿಂತ ನಮ್ಮ ತಾಲ್ಲೂಕಿನ ಮೊದಲ ದಿನ ಕಠಿಣ, ತರಬೇತಿಯೋ ಅವರಿಗಿಂತ ಹಲವು ವರ್ಷ ಕಡಿಮೆ. ಹಾಗಾಗಿ ಅಮೆರಿಕದ 18ರ ಪಟ್ಟಿಯನ್ನು ಹಾಗೆಯೇ ನಕಲು ಮಾಡುವುದರಲ್ಲಿ ನನಗೆ ಆಸಕ್ತಿಯಿಲ್ಲ. ಅಪೆಂಡಿಕ್ಸ್, ಸಿಕ್ಕಿಹಾಕಿಕೊಂಡ ಹರ್ನಿಯಾ, ತೂತಾದ ಜಠರ, ಎದೆಗೆ ನಳಿಕೆ ಹಾಕುವುದು, ಅಪಘಾತದ ಹೊಟ್ಟೆಯನ್ನು ತೆರೆದು ರಕ್ತ ನಿಲ್ಲಿಸುವುದು, ಸಕ್ಕರೆ ಕಾಯಿಲೆಯ ಕೊಳೆತ ಪಾದ, ಮತ್ತು ಯಾವ ರೋಗಿಯನ್ನು ಮುಟ್ಟದೆ ಜಿಲ್ಲಾ ಆಸ್ಪತ್ರೆಗೆ ಕಳಿಸಬೇಕೆಂಬ ನಿರ್ಧಾರ. ಈ ಏಳರಲ್ಲಿ ಕನಿಷ್ಠ ಮೂವರು ಗುರುಗಳು ಬೇರೆ ಬೇರೆ ದಿನ ನೋಡಿ, ಅಂದೇ ಬರೆದು, "ಒಬ್ಬರನ್ನೇ ಬಿಡಬಹುದು" ಎಂದು ಸಹಿ ಹಾಕಿರಬೇಕು. ಇದಕ್ಕೆ ಬೇಕಾದದ್ದು ಓ.ಟಿ.ಯ ಬಾಗಿಲಿಗೆ ನೇತುಹಾಕಿದ ಒಂದು ಪುಸ್ತಕ, ಒಂದು ಪೆನ್ನು.

ಸಹಿ ಹಾಕಲು ಆಗದವರನ್ನು ಏನು ಮಾಡಬೇಕು ಎಂಬಲ್ಲಿ ನನ್ನ ಬಳಿ ಸಿದ್ಧ ಉತ್ತರವಿಲ್ಲ. ಬ್ರಿಟನ್ನಿನ ವಾರ್ಷಿಕ ಪರಿಶೀಲನೆಯಲ್ಲಿ "ಇನ್ನಷ್ಟು ಕಾಲ ಬೇಕು" ಎಂದು ಬರೆಯಲು ಅವಕಾಶವಿದೆ. ನಮ್ಮಲ್ಲಿ ಹಾಜರಾತಿ ಕಡಿಮೆಯಾದರೆ ಅವಧಿ ಮುಂದುವರಿಸುತ್ತೇವೆ. ಕೈ ಇನ್ನೂ ಪಳಗಿಲ್ಲವೆಂದು ಮುಂದುವರಿಸಿದ್ದನ್ನು ನಾನು ಕಂಡಿಲ್ಲ. ಇನ್ನಾರು ತಿಂಗಳು ಎಂದರೆ ಆ ಆರು ತಿಂಗಳ ಸ್ಟೈಪೆಂಡ್ ಯಾರು ಕೊಡಬೇಕು, ಹಾಸ್ಟೆಲ್ ಕೋಣೆ ಯಾರದು, ಸೂಪರ್ ಸ್ಪೆಷಾಲಿಟಿ ಪ್ರವೇಶ ಪರೀಕ್ಷೆ ತಪ್ಪಿದರೆ ಅದಕ್ಕೆ ಹೊಣೆ ಯಾರು, ಗುರುವಿನ ಮೇಲೆ ಕೋರ್ಟಿಗೆ ಹೋದರೆ ಕಾಲೇಜು ಜೊತೆಗೆ ನಿಲ್ಲುತ್ತದೆಯೇ? ವಿಶ್ವವಿದ್ಯಾಲಯದ ಅಧ್ಯಯನ ಮಂಡಳಿಯಲ್ಲಿ ಕೆಲಸ ಮಾಡಿದ ಮೂರು ನಾಲ್ಕು ಮಂದಿ ಹಿರಿಯರು ಎದುರಿಗೇ ಕುಳಿತಿದ್ದಾರೆ. ಪ್ರಶ್ನೋತ್ತರಕ್ಕೆ ಅವರನ್ನೂ ವೇದಿಕೆಗೆ ಕರೆಯಬೇಕೆಂದು ಅಧ್ಯಕ್ಷರನ್ನು ಕೋರುತ್ತೇನೆ.